ಪೆಡಲ್ ಒತ್ತಲು ಒಬ್ಬರು ಬೇಕಿತ್ತು

ಫ್ಲಿಂಟ್ ಊರಿನ ಪೂರ್ವದ ಬೀದಿಗಳಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅರ್ಲೀನ್ ಮೇಬ್ರಿಯವರ ಮನೆ ಪಕ್ಕದ ಶೆಡ್ಡಿನಲ್ಲಿ ಮಾತ್ರ ದೀಪ. ಅರವತ್ತರ ದಶಕದ ಹಸಿರು ಕಾರೊಂದರ ಬಾನೆಟ್ಟಿನೊಳಗೆ ಅರ್ಲೀನ್ ಸೊಂಟದವರೆಗೆ ಬಾಗಿದ್ದಾರೆ. ಹಲ್ಲಿನ ನಡುವೆ ಪುಟ್ಟ ಟಾರ್ಚು. ಅದನ್ನು ತೆಗೆದು ಕೂಗುತ್ತಾರೆ.

"ಒತ್ತೇ!"

ಡ್ರೈವರ್ ಸೀಟಿನಲ್ಲಿ ಕೂತ ಗ್ಲೆಂಡಾ ವಾಸ್ ಆಕ್ಸಿಲರೇಟರ್ ಪೆಡಲ್ ಒತ್ತುತ್ತಾರೆ.

"ನೆಲ ಮುಟ್ಟೋ ತನಕ ಒತ್ತೇ ತಾಯಿ, ಇರುವೆ ಸಾಯ್ಸೋ ಹಾಗಲ್ಲ."

"ಮುಟ್ಟಿದೆ ಕಣೇ! ಇನ್ನೂ ಒತ್ತಿದ್ರೆ ನಿನ್ನ ಶೆಡ್ಡಿನ ನೆಲ ತೂತಾಗತ್ತೆ."

ಇಬ್ಬರೂ ನಗುತ್ತಾರೆ. ನಾನೂ ನಗುತ್ತೇನೆ. ಆಗ ಸ್ಟೇರಿಂಗ್ ಮೇಲಿದ್ದ ಗ್ಲೆಂಡಾ ಅವರ ಬಲಗೈ ಕಣ್ಣಿಗೆ ಬೀಳುತ್ತದೆ. ಚರ್ಮ ಮೇಣದಂತೆ ಹೊಳೆಯುತ್ತಿದೆ, ಎರಡು ಬೆರಳು ಮಡಿಸಲು ಬರುವುದಿಲ್ಲ. ಏನಾಯಿತೆಂದು ಕೇಳುತ್ತೇನೆ.

"ಬೆಂಕಿ. ಇವಳು ಕೂರಿಸಿದ್ದ ಪೆಟ್ರೋಲ್ ಪೈಪಿಂದ," ಎನ್ನುತ್ತಾರೆ ಗ್ಲೆಂಡಾ, ಗದ್ದದಲ್ಲೇ ಬಾನೆಟ್ಟಿನ ಕಡೆ ತೋರಿಸುತ್ತ.

ತಮಾಷೆ ಎಂದುಕೊಂಡು ಅರ್ಲೀನ್ ಕಡೆ ತಿರುಗುತ್ತೇನೆ. ಅವರು ತಲೆ ಎತ್ತುವುದಿಲ್ಲ. "ಹೌದು. ನಾನೇ," ಎಂದಷ್ಟೇ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಈ ಊರಿನಲ್ಲಿ ಪತ್ರಕರ್ತನಾಗಿದ್ದೇನೆ. ಹಳೆಯ ಕಾರುಗಳನ್ನು ಹೊಳೆಯಿಸುವವರ ಬಗ್ಗೆ ಬೇಕಾದಷ್ಟು ಬರೆದಿದ್ದೇನೆ. ಇಂಥ ಉತ್ತರವನ್ನು ಯಾರ ಬಾಯಿಂದಲೂ ಕೇಳಿಲ್ಲ.

ಅರ್ಲೀನ್ ಅವರ ತಂದೆ ಆರ್ಕನ್ಸಾದ ಹತ್ತಿ ಹೊಲ ಬಿಟ್ಟು ಇಲ್ಲಿನ ಕಾರು ಕಾರ್ಖಾನೆಗೆ ಬಂದವರು. ಮಗಳೂ ಅಲ್ಲೇ ಸೇರಿದರು. ಕಾರ್ಖಾನೆ ಮುಚ್ಚಿದಾಗ ಅವರ ಮಡಿಲಲ್ಲಿ ಕೈಕೂಸು. ಗಂಡ ಕೆಲಸ ಹುಡುಕಿಕೊಂಡು ಟೆಕ್ಸಸ್‌ಗೆ ಹೋದವರು ತಿರುಗಿ ಬರಲಿಲ್ಲ. ಆಮೇಲೆ ಶಾಲೆಯಲ್ಲಿ ಅಡುಗೆ, ಆಸ್ಪತ್ರೆಯಲ್ಲಿ ಕಸಗುಡಿಸುವುದು, ಕೊನೆಗೆ ಡ್ವೇನ್ ಎಂಬಾತ ಹಳೆ ಕಾರುಗಳನ್ನು ಹೊಸದು ಮಾಡುವ ಗ್ಯಾರೇಜಿನಲ್ಲಿ ಕೆಲಸ. ಎಂಜಿನ್ನಿಗೆ ಪೆಟ್ರೋಲ್ ಊಡುವ ಕಾರ್ಬ್ಯುರೇಟರಿಗೆ ಬ್ರಾಕೆಟ್ ಎಂಬ ಹಿಡಿಕೆಪಟ್ಟಿ ಕೂರಿಸುವುದು, ಪೆಟ್ರೋಲ್ ಪಂಪಿನಿಂದ ಅಲ್ಲಿಗೆ ಉಕ್ಕಿನ ಪೈಪು ಬಗ್ಗಿಸಿ ಒಯ್ಯುವುದು ಅವರ ಪಾಲಿಗೆ ಬಂತು. ಹಳೆ ಕಾರಿಗೆ ತಕ್ಕ ಬ್ರಾಕೆಟ್ ಸಿಗದಿದ್ದರೆ ತಗಡು ಕತ್ತರಿಸಿ ತಾವೇ ಮಾಡುತ್ತಾರೆ. ಪ್ರದರ್ಶನಗಳಲ್ಲಿ ಕಾರಿನ ಮುಂದಿನ ಬೋರ್ಡಿನಲ್ಲಿ ಬಣ್ಣ ಬಳಿದವನ ಹೆಸರಿರುತ್ತದೆ, ಸೀಟು ಹೊಲಿದವನ ಹೆಸರಿರುತ್ತದೆ.

"ಪೈಪನ್ನ ಯಾರು ನೋಡ್ತಾರೆ? ಸೋರಿದ್ರೆ ನೋಡ್ತಾರೆ," ಎನ್ನುತ್ತಾರೆ ಅರ್ಲೀನ್.

ಹೋದ ವರ್ಷ ಸೋರಿತು. ಗ್ಲೆಂಡಾ ಅವರ ಗಂಡ ಕ್ಲೇಟನ್ ಹರೆಯದಲ್ಲಿ ಓಡಿಸಿದ್ದ ಕಾರನ್ನೇ ಎಲ್ಲೋ ಹುಡುಕಿ ತಂದು ಡ್ವೇನ್ ಬಳಿ ರಿಪೇರಿಗೆ ಕೊಟ್ಟಿದ್ದರು. ಗ್ಯಾರೇಜಿನಿಂದ ಬಂದ ಮೇಲೆ ಬೇಸಿಗೆಯೆಲ್ಲ ಓಡಿಸಿದರು. ಒಂದು ಭಾನುವಾರ ಚರ್ಚಿನಿಂದ ಮರಳುವಾಗ ಬಾನೆಟ್ಟಿನ ಸಂದಿಯಿಂದ ಹೊಗೆ. ಕ್ಲೇಟನ್ ಸೀಟ್ ಬೆಲ್ಟಿನ ಕೊಂಡಿ ಕಚ್ಚಿಕೊಂಡು ಒಳಗೇ ಒದ್ದಾಡುತ್ತಿದ್ದಾರೆ. ಗ್ಲೆಂಡಾ ಹಾರಿ ಇಳಿದು, ಬೆಂಕಿ ಆರಿಸಲೆಂದು ಬಾನೆಟ್ ಎತ್ತಿದರು. ಗಾಳಿ ಸಿಕ್ಕ ಜ್ವಾಲೆ ಭುಗಿಲೆಂದು ಕೈಗೆ ಬಂತು. ಯಾರೋ ದಾರಿಹೋಕರು ಬೆಂಕಿ ಆರಿಸಿದರು, ಕ್ಲೇಟನ್ ಉಳಿದರು. ಗ್ಲೆಂಡಾ ಅವರದು ಕೂದಲು ಕತ್ತರಿಸುವ ಕಸುಬು. ಕತ್ತರಿ ಹಿಡಿಯುವ ಬೆರಳುಗಳೇ ಸೆಟೆದುಹೋದವು.

ಸುಟ್ಟ ಕಾರು ಗ್ಯಾರೇಜಿಗೆ ಬಂದಾಗ ಡ್ವೇನ್, "ಹಳೇ ಕಾರು ಸುಡೋದು ಹೊಸದೇನಲ್ಲ" ಎಂದು ಕೈ ಕೊಡವಿದ. ಅರ್ಲೀನ್ ಸುಮ್ಮನಿರಲಾರದೆ ಪೈಪು ಬಿಚ್ಚಿ ಮಸಿ ಒರೆಸಿದರು. ಅಲ್ಲೊಂದು ತಿಕ್ಕಿದ ಗುರುತು, ಗುರುತಿನ ನಡುವೆ ಸೂಜಿಮೊನೆಯಷ್ಟು ತೂತು. ಪೆಡಲನ್ನು ಪೂರ್ತಿ ಒತ್ತಿದಾಗ ಕಾರ್ಬ್ಯುರೇಟರಿನ ಪಕ್ಕದ ಲಿವರ್ ಅಷ್ಟೂ ದೂರ ತಿರುಗಿ ಪೈಪನ್ನು ಸವರುತ್ತಿತ್ತು. ಪೈಪನ್ನು ಆ ಜಾಗದಲ್ಲಿ ಹಿಡಿದಿಟ್ಟ ಬ್ರಾಕೆಟ್ ಅರ್ಲೀನ್ ಅವರೇ ಮಾಡಿದ್ದು.

"ಅಲ್ಲೇ ಕೂತ್ಬಿಟ್ಟೆ. ನಾನು ಆ ಲಿವರನ್ನ ಕೈಯಲ್ಲಿ ತಿರುಗಿಸಿ ನೋಡಿದ್ದೆ, ತಾಗಿರ್ಲಿಲ್ಲ. ಕೈಯಲ್ಲಿ ತಿರುಗಿಸೋದಕ್ಕಿಂತ ಕಾಲಲ್ಲಿ ಒತ್ತಿದ್ರೆ ಅದು ಇನ್ನೊಂಚೂರು ಜಾಸ್ತಿ ತಿರುಗತ್ತೆ. ಸೀಟಲ್ಲಿ ಒಬ್ರು ಕೂತು ಒತ್ತಬೇಕು, ಇನ್ನೊಬ್ರು ಇಲ್ಲಿ ನೋಡ್ಬೇಕು. ಆ ಇನ್ನೊಬ್ರನ್ನ ಡ್ವೇನ್ ಕೆಲಸದಿಂದ ತೆಗೆದಿದ್ದ. ಒಬ್ರು ಬೇಕೇ ಬೇಕು ಅಂತ ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ."

ಡ್ವೇನ್‌ಗೆ ಪೈಪು ತೋರಿಸಿದಾಗ ಆತ ಬಾಗಿಲು ಮುಚ್ಚಿಕೊಂಡು ಬಂದ. "ಇದನ್ನ ನೀನು ನೋಡೇ ಇಲ್ಲ. ತಿಳೀತಾ?"

ಅರ್ಲೀನ್ ಅಂದೇ ಸಂಜೆ ವಾಸ್ ದಂಪತಿಯ ಮನೆಗೆ ಹೋದರು. ಗ್ಯಾರೇಜಿನ ಕಡೆಯಿಂದ ಯೋಗಕ್ಷೇಮ ಕೇಳಲು ಬಂದಿದ್ದಾರೆಂದುಕೊಂಡು ಕ್ಲೇಟನ್, "ಬನ್ನಿ ಬನ್ನಿ, ಒಬ್ರಾದ್ರೂ ಬಂದ್ರಲ್ಲ" ಎಂದು ಕೈ ಹಿಡಿದು ಒಳಗೆ ಕರೆದರು. ಅರ್ಲೀನ್ ಹೊಸ್ತಿಲು ದಾಟದೆ ನಿಂತು ಪೈಪು ಚಾಚಿದರು. "ಇದು ನನ್ನ ಕೆಲಸ. ಇದರಿಂದಲೇ ಬೆಂಕಿ."

ಆ ಗಳಿಗೆಯನ್ನು ನೆನೆದರೆ ಕ್ಲೇಟನ್ ಈಗಲೂ ತಲೆ ಕೊಡವುತ್ತಾರೆ. "ಕಪಾಳಕ್ಕೆ ಹೊಡೆದ ಹಾಗಾಯ್ತು. ಹಿಡಿದಿದ್ದ ಕೈ ಬಿಡೋದೂ ಮರ್ತೋಯ್ತು." ಒಳಗಿನಿಂದ ಬಂದ ಗ್ಲೆಂಡಾ, ಬ್ಯಾಂಡೇಜಿನ ಕೈ ಎದೆಗಾನಿಸಿಕೊಂಡು ಎಲ್ಲ ಕೇಳಿದರು. ಇನ್ನೊಂದು ಕೈಯಿಂದ ಬಾಗಿಲು ದಡಾರನೆ ಮುಚ್ಚಿದರು.

ಮಾರನೆಯ ದಿನವೇ ಅರ್ಲೀನ್ ಕೆಲಸ ಹೋಯಿತು. ಮನೆಯ ಶೆಡ್ಡಿನಲ್ಲೇ ಅವರಿವರ ಕಾರು ಹಿಡಿದರು. ಎಲೆ ಉದುರುವ ಕಾಲಕ್ಕೆ ಗ್ಲೆಂಡಾ ಹೇಳದೆ ಕೇಳದೆ ಬಂದು ಎದುರು ನಿಂತರು.

"ತೋರ್ಸು. ಹೇಗಾಯ್ತು ಅಂತ ನನ್ನ ಕಣ್ಣಿಂದ ನೋಡ್ಬೇಕು."

ಅರ್ಲೀನ್ ಅಲ್ಲಿದ್ದ ಕಾರಿನಲ್ಲೇ ಪೈಪನ್ನು ಅಂದು ಇದ್ದ ಜಾಗಕ್ಕೆ ಕಟ್ಟಿ, ತಾವು ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು. ಗ್ಲೆಂಡಾ ಬಾಗಿ ನೋಡಿದರು. ಲಿವರ್ ತಿರುಗಿತು, ಪೈಪನ್ನು ಸವರಿತು. ಸದ್ದೇ ಇಲ್ಲ.

"ಇಷ್ಟೇನಾ?" ಎಂದರಂತೆ ಗ್ಲೆಂಡಾ. "ಇಷ್ಟಕ್ಕೇನಾ ನನ್ನ ಕೈ ಹೋಗಿದ್ದು?"

ಅವರು ಅಲ್ಲೇ ಬಕೆಟ್ ಬೋರಲು ಹಾಕಿ ಕೂತು ಅತ್ತರು. ಅರ್ಲೀನ್ ಸೀಟಿನಿಂದ ಏಳಲಿಲ್ಲ. "ಸಮಾಧಾನ ಹೇಳೋ ಯೋಗ್ಯತೆ ನಂಗೆಲ್ಲಿತ್ತು?" ಹೋಗುವಾಗ ಗ್ಲೆಂಡಾ ಕೇಳಿದ್ದು ಒಂದೇ: "ಈಗ ನಿಂಗೆ ಪೆಡಲ್ ಯಾರು ಒತ್ತುತ್ತಾರೆ?" ಪಕ್ಕದ ಮನೆಯವರು ಬಿಡುವಿದ್ದಾಗ ಬರುತ್ತಾರೆ ಎಂದರು ಅರ್ಲೀನ್.

"ಬಿಡುವಿದ್ದಾಗ ಅಲ್ಲ. ನಾನು ಬರ್ತೀನಿ."

ಕ್ಷಮಿಸಿದಿರಾ ಎಂದು ಗ್ಲೆಂಡಾರನ್ನು ಕೇಳುತ್ತೇನೆ. ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡುತ್ತಾರೆ. "ಅದೆಲ್ಲ ಗೊತ್ತಿಲ್ಲ ಸ್ವಾಮಿ. ಬೆಳಿಗ್ಗೆ ಕೈ ಸೆಟೆದುಕೊಂಡಾಗ ಇವತ್ತಿಗೂ ಇವಳನ್ನ ಬೈತೀನಿ. ಬೈದು, ಕಾಫಿ ಕುಡಿದು, ಬರ್ತೀನಿ."

ಕ್ಲೇಟನ್ ಅವರ ಕಾರೂ ಈಗ ಇದೇ ಶೆಡ್ಡಿನಲ್ಲಿ ಸಿದ್ಧವಾಗಿದೆ. ಬೇರೆ ಬ್ರಾಕೆಟ್, ಲಿವರಿನಿಂದ ದೂರ ಸರಿದ ಪೈಪು. ಶನಿವಾರ ಕ್ಲೇಟನ್ ಅದನ್ನು ಹೊರಗೆ ತೆಗೆಯುತ್ತಾರೆ. ಸತ್ತರೂ ಅದರಲ್ಲಿ ಕೂರೆನೆಂದು ಗ್ಲೆಂಡಾ ಹೇಳಿಬಿಟ್ಟಿದ್ದಾರೆ, ಬಸ್ ಸ್ಟಾಪಿನ ಕಡೆ ಹೊರಟೂ ಆಗಿದೆ. ಕಾರು ಗುಡುಗುತ್ತ ಬೀದಿಯ ತಿರುವು ದಾಟುತ್ತದೆ.

ಅರ್ಲೀನ್ ಕೈಯೊರೆಸುವ ಬಟ್ಟೆ ಹಿಡಿದು ನಿಂತೇ ಇದ್ದಾರೆ. ಪ್ರದರ್ಶನದ ಬೋರ್ಡಿನಲ್ಲಿ ನಿಮ್ಮ ಹೆಸರೂ ಬೇಡವೇ ಎನ್ನುತ್ತೇನೆ.

"ಹೆಸರು ಕಟ್ಕೊಂಡು ಏನ್ಮಾಡ್ಲಿ? ಮನೆ ಮುಟ್ಟಿದ ಮೇಲೆ ಒಂದು ಫೋನ್ ಮಾಡಿದ್ರೆ ಸಾಕು."

ಕೆಲಸಕ್ಕೆ ಕೈ ಹಾಕುವುದಿಲ್ಲ ಅವರು. ಫೋನನ್ನು ಆ ಹಸಿರು ಕಾರಿನ ಮೇಲಿಟ್ಟುಕೊಂಡು ಕಾಯುತ್ತಾರೆ. ಕೊನೆಗೆ ಅದು ಅದುರುತ್ತದೆ. ಗ್ಲೆಂಡಾ ದನಿ ನನಗೂ ಕೇಳುತ್ತದೆ.

"ಬಂದ್ವಿ ಕಣೇ."

"ಬಂದ ಅಂತ ಹೇಳು, ಕ್ಲೇಟನ್ ಬಂದ," ಎನ್ನುತ್ತಾರೆ ಅರ್ಲೀನ್.

"ಕಿವುಡೀನಾ ನೀನು? ಬಂದ್ವಿ ಅಂದೆ. ಇಬ್ರೂ, ಕಾರಲ್ಲೇ."

ಅರ್ಲೀನ್ ಫೋನನ್ನು ಕೆಳಗಿಡುತ್ತಾರೆ. ಬಟ್ಟೆಯಿಂದ ಮುಖ ಮುಚ್ಚಿಕೊಳ್ಳುತ್ತಾರೆ.