‘ತಡೀಪಾ’ ಎಂಬ ಒಂದು ಸಾಲು

ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಹುಬ್ಬಳ್ಳಿಯ ಬಸವರಾಜನೂ ನಾನೂ ಬ್ಯಾಟರಿ ಗಡಿಯಾರಗಳಿಗೆ ಕೋಡ್ ಬರೆಯುತ್ತಿದ್ದೆವು. ಬ್ಯಾಟರಿ ಉಳಿಸಲು ಮಲಗುವ ಗಡಿಯಾರ ನಿದ್ದೆಯಿಂದ ಎದ್ದಾಗಲೆಲ್ಲ, ಟೈಮ್ ಎಣಿಸುವ ಒಳಗಿನ ಕ್ರಿಸ್ಟಲ್ ಹದಕ್ಕೆ ಬರುವವರೆಗೆ ಕಾಯಬೇಕು, ಇಲ್ಲದಿದ್ದರೆ ಟೈಮ್ ತಪ್ಪುತ್ತದೆ. ಹಾಗೆ ಕಾಯಿಸುವ ಸಾಲಿಗೆ ಅವನಿಟ್ಟ ಹೆಸರು ‘ತಡೀಪಾ’. ಒಂದು ದಿನ ಅವನು ಟೀಗೆ ಎದ್ದು ಹೋದಾಗ, ಹುಡುಕಾಡಲಿ ಅಂತ ತಮಾಷೆಗೆ ಅವನ ಕಂಪ್ಯೂಟರಿನಲ್ಲೇ ಅದನ್ನು ಅಳಿಸಿದೆ. ವಾಪಸ್ ಹಾಕುವುದು ಮರೆತೆ.

ಮೆಲ್ಬರ್ನಿಗೆ ಹೋದ ಗಡಿಯಾರಗಳೆಲ್ಲ ಹಿಂದೆ ಬಿದ್ದವು.

“ನಾ ಬರದಿದ್ದೆ ಅಲ್ಲೋ?” ಅಂದ ಬಸವರಾಜ.

“ಪಿಆರ್ ಚಿಂತೇಲಿ ಮರೆತಿರ್ತೀಯ ಕಣೋ,” ಅಂದೆ. ಆಸ್ಟ್ರೇಲಿಯಾದಲ್ಲೇ ಕಾಯಂ ನೆಲೆಸುವ ಆ ಪರವಾನಗಿಗೆ ಅವನು ಅರ್ಜಿ ಹಾಕಿ ಕಾಯುತ್ತಿದ್ದ.

“ಇರಬೇಕು ಬಿಡೋ,” ಅಂತ ನಂಬಿದ. ಮ್ಯಾನೇಜರ್ ಮುಂದೆ ತಪ್ಪು ಒಪ್ಪಿಕೊಂಡ. ಕೆಲಸ ಹೋಯಿತು, ಅದನ್ನೇ ನಂಬಿಕೊಂಡಿದ್ದ ಪಿಆರ್ ಕೂಡ ಹೋಯಿತು. ಸಂಸಾರ ಸಮೇತ ಊರಿಗೆ ಮರಳಿದ.

ಈ ಕಥೆಯನ್ನು ಸಿಡ್ನಿಯ ಟೂಂಗಾಬಿ ಬಡಾವಣೆಯ ಪಾರ್ಟಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಎಲ್ಲರೂ ನಗುತ್ತಾರೆ. ಸಾಲು ಅಳಿಸಿದವನಿಗೆ ಮಾತ್ರ ಪ್ರತಿ ಸಲ ಬೇರೆ ಯಾರದಾದರೂ ಹೆಸರು ಇಡುತ್ತೇನೆ.