ಉತ್ತೂರ ಬಸ್ಸಿನ ಹೊತ್ತಿನ ಬದನೆಕಾಯಿ

ನಾನು ಅಪ್ಪನ ಸೊಂಟದಷ್ಟೇ ಎತ್ತರದ ಚಿಕ್ಕವಳಿದ್ದಾಗ, ಗಡಹಿಂಗ್ಲಜದ ಸಂತೆಯಲ್ಲಿ ತರಕಾರಿಯ ಬೆಲೆ ಇಳಿಸುತ್ತಿದ್ದದ್ದು ಒಂದು ಕೆಂಪು ಬಸ್ಸು. ನಗಬೇಡಿರಿ ಮಕ್ಕಳೇ, ನಿಜ! ಚಿಕ್ಕಂದಿನ ಕತೆ ಹೇಳೆಂದು ನೀವಾಗಿಯೇ ಕೇಳಿದಿರಲ್ಲ, ಆ ಖುಷಿಗೆ ಎಲ್ಲಿಂದ ಶುರು ಮಾಡಲಿ ಎಂದೇ ತಿಳಿಯುತ್ತಿಲ್ಲ.

ಆ ವರ್ಷ ಎಲ್ಲವೂ ತುಟ್ಟಿಯಾಗಿತ್ತು. ಅವ್ವ ತೊಗರಿಬೇಳೆ ಬಿಟ್ಟು ಹುರುಳಿಗೆ ಬಂದಿದ್ದಳು. ಸಕ್ಕರೆ ಬೀಗರು ಬಂದರೆ ಮಾತ್ರ, ನಮಗೆ ಬೆಲ್ಲದ ಚಹಾ. ಕಾಯಿಪಲ್ಲೆಗೆ ಅಪ್ಪನದೊಂದು ಉಪಾಯವಿತ್ತು. ಬೆಳಗಿನ ಸಂತೆಯನ್ನು ಬಿಟ್ಟು, ಸಂಜೆ ಉತ್ತೂರಿಗೆ ಹೋಗುವ ಕೊನೆಯ ಬಸ್ಸು ಬರುವ ಹೊತ್ತಿಗೆ ಹೋಗುತ್ತಿದ್ದ. ಊರಿಗೆ ಮರಳುವ ಹೆಂಗಸರಿಗೆ ಬುಟ್ಟಿ ಖಾಲಿ ಮಾಡುವ ಅವಸರ. ಬೆಳಗ್ಗೆ ಒಂದು ಗುಡ್ಡೆಗೆ ಕೇಳಿದ ಬೆಲೆಗೆ ಆಗ ಎರಡು ಗುಡ್ಡೆ!

ಅಕ್ಕ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಉಂಡದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಕಣ್ಣು ಒಳಗೆ ಸೇರಿದ್ದವು. ಒಂದು ಸಂತೆಯ ದಿನ ಬೆಳಗ್ಗೆ ಮೆಲ್ಲಗೆ, "ಅವ್ವಾ, ಬದನಿಕಾಯಿ ಎಣ್ಣಿಗಾಯಿ ಮಾಡಿದ್ರ ಎರಡ ತುತ್ತ ಇಳಿತಾವೇನೋ" ಎಂದಳು. ಅಪ್ಪ ನನ್ನ ಕೈ ಹಿಡಿದು ಬೆಳಗ್ಗೆಯೇ ಸಂತೆಗೆ ಹೊರಟ.

ಬದನೆಕಾಯಿ ಇದ್ದದ್ದು ಉತ್ತೂರಿನ ಒಬ್ಬಳ ಹತ್ತಿರ ಮಾತ್ರ. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಒದ್ದೆ ಗೋಣಿಚೀಲದ ಮೇಲೆ ಕಪ್ಪುನೇರಳೆ ಕಾಯಿಗಳು ಮಿಂಚುತ್ತಿದ್ದವು. ಪಕ್ಕದಲ್ಲಿ ಹಸಿ ಕೊತ್ತಂಬರಿಯ ಘಮ.

"ಬದನಿಕಾಯಿ ಮಾರಾಕತ್ತೀಯೋ ಬಂಗಾರ ಮಾರಾಕತ್ತೀಯೋ, ಮಾವಶಿ?" ಎಂದ ಅಪ್ಪ.

"ಬಂಗಾರ ಆಗಿದ್ರ ನಾ ಯಾಕ ಬಿಸಲಾಗ ಕುಂಡ್ರತಿದ್ನಿ? ಬೇಕಿದ್ರ ತಗೋ. ಇಲ್ಲಾಂದ್ರ ಬಸ್ಸಿನ ಹೊತ್ತಿಗೆ ಬಾ, ನಿನ್ನ ಆಟ ನನಗ ಗೊತ್ತೈತಿ!"

ಆ ಬೆಲೆಗೆ ಕೊಂಡರೆ ಎಣ್ಣೆಗೆ ದುಡ್ಡು ಉಳಿಯುತ್ತಿರಲಿಲ್ಲ. ಎಣ್ಣೆಯಿಲ್ಲದೆ ಎಂಥ ಎಣ್ಣೆಗಾಯಿ? ಅಪ್ಪ ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ, "ಬದನಿಕಾಯಿ ಮ್ಯಾಲ ಕಣ್ಣಿಡು. ಸಂಜಿಗೆ ಬರತೀನಿ" ಎಂದು ಬೆಲ್ಲದ ಪೇಟೆಗೆ ದುಡಿಯಲು ಹೋದ.

ಗುಡ್ಡೆ ಕರಗತೊಡಗಿತು. ಒಂದೊಂದು ಕಾಯಿ ಹೋದಾಗಲೂ ಅಕ್ಕನ ಮುಖ ಕಣ್ಣ ಮುಂದೆ ಬರುತ್ತಿತ್ತು. ಮಧ್ಯಾಹ್ನ ಒಬ್ಬ ಹೆಂಗಸು ಚೀಲ ಬಿಚ್ಚಿದ್ದೇ ತಡ, ನಾನು ಓಡಿಹೋಗಿ ಅವಳ ಸೆರಗು ಜಗ್ಗಿ ಪಿಸುಗುಟ್ಟಿದೆ: "ಕಾಕೂ, ಅದರಾಗ ಹುಳ ಅದಾವ್ರಿ." ಅವಳು ಕೈ ಹಿಂದೆಗೆದಳು. ಆಮೇಲೆ ಬಂದವರಿಗೂ ಅದನ್ನೇ ಹೇಳಿದೆ. ಗುಡ್ಡೆ ಕರಗುವುದು ನಿಂತಿತು. ಖುಷಿಯಾಯಿತು, ಆದರೆ ಮಾವಶಿಯ ಕಡೆ ನೋಡಲಾಗಲಿಲ್ಲ.

ಸಂಜೆ ಅಪ್ಪ ಬಂದ. ಬಸ್ಸು ಬರಲಿಲ್ಲ. ನಿಲ್ದಾಣದಿಂದ ಯಾರೋ ಕೂಗಿದರು: "ಉತ್ತೂರ ಗಾಡಿ ರದ್ದ ಆಗೇತ್ರಿ!"

ಮಾವಶಿ ತಲೆಯ ಮೇಲೆ ಕೈ ಹೊತ್ತಳು. "ಮನ್ಯಾಗ ಮುದುಕಿ ಅತ್ತಿ ಒಬ್ಬಾಕಿನ ಅದಾಳೋ ಯಪ್ಪಾ. ಇವತ್ತ ಯಾಕೋ ಗಿರಾಕಿನ ನಿಂದ್ರಲಿಲ್ಲ. ಬುಟ್ಟಿ ಖಾಲಿ ಆಗಿದ್ರ ಮಧ್ಯಾಹ್ನದ ಬಸ್ಸಿಗೇ ಹೋಗಿರತಿದ್ನಿ."

ನಾನು ಜೋರಾಗಿ ಅಳುತ್ತ ಎಲ್ಲವನ್ನೂ ಒಪ್ಪಿಕೊಂಡೆ.

"ಹುಳ? ನನ್ನ ಬದನಿಕಾಯ್ಯಾಗ?" ಮಾವಶಿಯ ಕಣ್ಣು ಕೆಂಪಾದವು. ಅಪ್ಪನ ಕೈ ಮೇಲೆದ್ದಿತು. ಅದನ್ನು ಹಿಡಿದವಳೂ ಅವಳೇ. "ತಡಿಯೋ. ಯಾಕ ಹಂಗ ಹೇಳಿದಿ, ಕೂಸ?"

"ಅಕ್ಕ ಬಸರಿ ಅದಾಳ. ಏನೂ ಉಣ್ಣಂಗಿಲ್ಲ. ಇದೊಂದ ಕೇಳ್ಯಾಳ."

ಮಾವಶಿ ಅಪ್ಪನ ಕೈ ಬಿಟ್ಟು, ಉಳಿದ ಕಾಯಿಗಳನ್ನು ಬುಟ್ಟಿಗೆ ತುಂಬತೊಡಗಿದಳು. "ಇಲ್ಲೆಲ್ಲಿ ಮಲಗತೀ ಮಾವಶಿ? ನಮ್ಮ ಮನಿಗೆ ನಡಿ" ಎಂದ ಅಪ್ಪ. ಅವಳು ಬುಟ್ಟಿಯನ್ನು ತಲೆಗೇರಿಸಿ ಎದ್ದಳು. "ನಡಿ. ಹುಳ ನಾನ ಹುಡುಕಿ ತೋರಸ್ತೀನಿ!"

ಒಲೆಯ ಮುಂದೆ ಕೂತು ಒಂದೊಂದೇ ಕಾಯಿ ಸೀಳಿ ನನ್ನ ಮೂಗಿಗೆ ಹಿಡಿದಳು. "ಎಲ್ಲೈತಿ, ತೋರಸ ನೋಡೂಣು?" ಅವ್ವ ವಾರದ ಒಗ್ಗರಣೆಗೆಂದು ಎತ್ತಿಟ್ಟಿದ್ದ ಎಣ್ಣೆಯನ್ನೆಲ್ಲ ಬಾಣಲೆಗೆ ಬಗ್ಗಿಸಿದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರದ ವಾಸನೆ ಮನೆಯೆಲ್ಲ ತುಂಬಿತು. ಅಕ್ಕ ಒಂದು ತುತ್ತು ಉಂಡಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ಇನ್ನೊಂದು ತುತ್ತು. ಕಡೆಗೆ ಪೂರ್ತಿ ರೊಟ್ಟಿ ಮುಗಿಸಿ, "ಅವ್ವಾ, ಇನ್ನೊಂದ ಹಾಕ" ಎಂದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವಶಿ ಕೇಳುವ ಮೊದಲೇ ಅಪ್ಪ ದುಡ್ಡು ಮುಂದೆ ಮಾಡಿದ. "ಬಸ್ಸ ಬರಲಿಲ್ಲಲ್ಲೋ, ಹಂಗಾದ್ರ ಮುಂಜಾನಿ ಬೆಲಿನ!" ಎಂದು ಮಾವಶಿ ಸೆರಗಿಗೆ ಗಂಟು ಹಾಕಿಕೊಂಡಳು. ಆ ವಾರವೆಲ್ಲ ನಾವು ಒಗ್ಗರಣೆಯಿಲ್ಲದ ಸಾರು ಉಂಡೆವು. ಯಾರೂ ಗೊಣಗಲಿಲ್ಲ. ಮುಂದಿನ ಸಂತೆಗೆ ಬಂದ ಮಾವಶಿ "ಅತ್ತಿ ಅರಾಮ ಅದಾಳ" ಎಂದಾಗಲೇ ನನಗೆ ಜೀವ ಬಂದಂತಾಯಿತು.

ಈಗ ಕೊಲ್ಹಾಪುರದ ನಿಮ್ಮ ಮನೆಯಲ್ಲೂ ಎಲ್ಲ ತುಟ್ಟಿಯೇ. ನಿಮ್ಮ ಅವ್ವ ಫೋನಿನಲ್ಲಿ ಎರಡು ಅಂಗಡಿಗಳ ಬೆಲೆ ನೋಡಿ, ದೊಡ್ಡ ಡಬ್ಬದ ಬದಲು ಸಣ್ಣ ಪಾಕೀಟು ಆರಿಸಿ, ಸೂಟು, ಅಂದರೆ ರಿಯಾಯಿತಿ, ಬರುವ ತನಕ ಕಾಯುತ್ತಾಳೆ. ಜಾಣೆ! ಬೆಲೆ ಇಳಿದಾಗ ನೀವು ಕುಣಿಯುತ್ತೀರಿ, ನಿಮ್ಮ ಜೊತೆ ನಾನೂ ಕುಣಿಯುತ್ತೇನೆ. ಆದರೆ ಬಾಗಿಲಿಗೆ ಬಂದ ಚೀಲ ಬಿಚ್ಚಿ ಬದನೆಕಾಯಿ ಕೈಗೆತ್ತಿಕೊಂಡಾಗ, ಇದನ್ನು ಕಿತ್ತವಳು ಯಾವ ಊರಿನವಳೋ, ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿದಳೋ ಇಲ್ಲವೋ ಎಂದು ಕೇಳಬೇಕೆನಿಸುತ್ತದೆ. ಯಾರನ್ನು ಕೇಳಲಿ, ಮಕ್ಕಳೇ?