ಗೌರಿಗೆ ಜ್ವರ ಬಿಡ್ತಾ?

"ಮಗೂ ಹೆಸರು ಹೇಳವ್ವಾ, ಭಾನುವಾರ ಚರ್ಚಲ್ಲಿ ಪ್ರಾರ್ಥನೆ ಮಾಡ್ತೀವಿ" ಎಂದು ಬಾಗಿಲಲ್ಲಿ ನಿಂತ ಹೆಂಗಸು ಪುಸ್ತಕ ತೆರೆದಾಗ ನನ್ನತ್ತೆಯ ಮುಖ ಬಿಗಿಯಿತು. ಒಳಗೆ ನನ್ನ ಎರಡು ವರ್ಷದ ಮಗಳು ಶಾರದೆ ಕಷಾಯಕ್ಕೂ ಬಗ್ಗದ ಜ್ವರದಲ್ಲಿ ಮಲಗಿದ್ದಳು. ಎಪ್ಪತ್ತರ ದಶಕದಲ್ಲಿ ಚರ್ಚಿನವರು ನಮ್ಮ ಸಮೇತನಹಳ್ಳಿಗೆ ಬಂದು ಮನೆಮನೆಯಲ್ಲೂ ಕಾಯಿಲೆಯವರನ್ನು ವಿಚಾರಿಸುತ್ತಿದ್ದರು. ಅವರ ಪುಸ್ತಕದಲ್ಲಿ ಹೆಸರು ಬಿದ್ದರೆ ಜಾತಿ ಕೆಟ್ಟಂತೆಯೇ ಎಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ಅತ್ತೆ ಕೊಟ್ಟಿಗೆಯತ್ತ ಒಮ್ಮೆ ನೋಡಿ, "ಗೌರಿ ಅಂತ ಬರ್ಕೊಳ್ಳಿ" ಎಂದರು. ಅದು ನಮ್ಮ ಹಸುವಿನ ಹೆಸರು. ಆಕೆ ದುಂಡಗೆ ಬರೆದುಕೊಂಡು ಹೋದರು.

ಮುಂದಿನ ವಾರ ಆಕೆ ಬಿಸಿಲಲ್ಲಿ ನಡೆದು ಮತ್ತೆ ಬಂದರು. "ಗೌರಿಗೆ ಜ್ವರ ಬಿಡ್ತಾ?" ಶಾರದೆ ಜಗಲಿಯಲ್ಲಿ ಆಡುತ್ತಿದ್ದಳು. ಆಕೆ "ಗೌರೀ" ಎಂದು ಕರೆದರೆ ಮಗು ತಿರುಗಿಯೂ ನೋಡಲಿಲ್ಲ; ಕೊಟ್ಟಿಗೆಯಿಂದ ಹಸು ಅಂಬಾ ಎಂದಿತು. ಆಕೆ ಮಗುವಿನ ಹಣೆ ಮುಟ್ಟಿ ನೋಡಿ, ನೆಮ್ಮದಿಯಿಂದ ನಕ್ಕು ಹೊರಟರು. ಆಕೆ ಬೀದಿ ದಾಟಿದ್ದೇ ತಡ, ಅತ್ತೆ ಕುಂಕುಮದ ಬಟ್ಟಲು ತಂದು ಹಸುವಿನ ಹಣೆತುಂಬ ಬಳಿದರು. "ಯಾವುದಕ್ಕೂ ಇರ್ಲಿ ಕಣೇ, ಪುಸ್ತಕದಲ್ಲಿರೋದು ಇದರ ಹೆಸರು" ಎಂದರು. ನನಗೆ ನಗು ಬರಲಿಲ್ಲ.

ಅಂಟುಜ್ವರವೆಂದು ಹೆದರಿ ಆ ವಾರವೆಲ್ಲ ನಮ್ಮ ಬೀದಿಯವರು ಒಬ್ಬರೂ ಹೊಸ್ತಿಲು ತುಳಿದಿರಲಿಲ್ಲ. ಮಗು ಹೇಗಿದೆ ಎಂದು ಕೇಳಲು ಬಂದವರು ಆಕೆಯೊಬ್ಬರೇ. ಅವರಿಗೆ ನಾವು ಮಗುವಿನ ಹೆಸರನ್ನೂ ಕೊಡಲಿಲ್ಲ.